ಹತ್ತು ಮೀಟರ್ ಕೇಬಲ್ಲು, ಮಸೂತಿಯ ಹೊಲ

ಯಾಯೆಸು ಕಂಪನಿಯ ಎಫ್‌ಟಿ-817 ರೇಡಿಯೊ ಬ್ಯಾಟರಿ, ಗಿಡ್ಡ ಆಂಟೆನಾ ಸಮೇತ 1.17 ಕಿಲೋ ತೂಗುತ್ತದೆ. ಅದಕ್ಕೆ ಜೋಡಿಸಲೆಂದು ಬೆಂಗಳೂರಿನ ಮನೆಯ ಮಾಳಿಗೆಯಿಂದ ಬಿಚ್ಚಿ ಸುರುಳಿ ಸುತ್ತಿದ್ದ ಆರ್‌ಜಿ-213 ಕೇಬಲ್, ಹತ್ತೇ ಮೀಟರಿನದು, ಒಂದೂವರೆ ಕಿಲೋ. ಊರಿಗೆ ಹೊರಟ ಚೀಲವನ್ನು ಒಮ್ಮೆ ಎತ್ತಿ ನೋಡಿ ಆ ರೇಡಿಯೊ ಹವ್ಯಾಸಿ ಕೇಬಲ್ಲನ್ನು ಹೊರಗಿಟ್ಟರು. ಹೊಲದಲ್ಲಿ ಕೂತು ಮಾತಾಡಲು ಒಯ್ಯುವ ರೇಡಿಯೊಕ್ಕಿಂತ ಅದರ ವೈರೇ ಭಾರವಾದರೆ ಒಯ್ಯುವ ಸುಖ ಎಲ್ಲಿ ಉಳಿಯಿತು? ಹಾಗಾದರೆ ಯಾವ ಕೇಬಲ್ ಒಯ್ಯಬೇಕು ಎಂಬ ಪ್ರಶ್ನೆ ಅಂದು ರಾತ್ರಿ ಎದ್ದದ್ದು, ಮುಂದೆ ಪ್ರತಿ ಸಲ ಊರಿಗೆ ಹೋದಾಗಲೂ ಒಂದೊಂದು ಹೊಸ ಉತ್ತರ ಪಡೆಯುತ್ತ ಬಂತು.

ಊರು ಬಸವನಬಾಗೇವಾಡಿ ಸೀಮೆಯ ಮಸೂತಿ. ಎರಿ ನೆಲ, ಬಿಳಿಜೋಳ, ಕಡಲಿ, ತೊಗರಿ. ಒಂದು ಕಡೆ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ; 800 ಮೆಗಾವಾಟಿನ ಮೂರು ಘಟಕಗಳ ಸ್ಥಾವರ ಅದು. ಆಲಮಟ್ಟಿಯ ಹಿನ್ನೀರೂ ದೂರವಿಲ್ಲ. ಹೇಳಿಕೊಳ್ಳುವಂಥ ಗುಡ್ಡ ಮಾತ್ರ ಇಲ್ಲ. ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಎಂದರೆ ಬೆಟ್ಟದ ತುದಿ ಹತ್ತಬೇಕು ಎಂದುಕೊಂಡವರಿಗೆ ಈ ಬಯಲು ನಿರಾಸೆ ತಂದೀತು. ಆದರೆ 7 ಮೆಗಾಹರ್ಟ್ಸಿನ ಅಲೆ ಗುಡ್ಡವನ್ನು ಕೇಳುವುದಿಲ್ಲ. ತಗ್ಗಿನಲ್ಲಿ ಕಟ್ಟಿದ ತಂತಿಯಿಂದ ನೆತ್ತಿಯ ಕಡೆಗೆ ಏರಿ, ಅಯಾನುಮಂಡಲಕ್ಕೆ ಬಡಿದು ತಿರುಗಿ ಬಂದು, ಹಗಲಿನಲ್ಲೇ ನಾನೂರು ಕಿಲೋಮೀಟರ್ ಆಚೆಯ ಬೆಂಗಳೂರನ್ನೂ ಮುನ್ನೂರರ ಸುಮಾರಿನ ಹೈದರಾಬಾದನ್ನೂ ಮುಟ್ಟುತ್ತದೆ. ಅದಕ್ಕೆ ಬೇಕಾದದ್ದು ಎಂಟೊಂಬತ್ತು ಮೀಟರ್ ಎತ್ತರದ ಒಂದು ಗಿಡ, ಇಪ್ಪತ್ತು ಮೀಟರ್ ತಂತಿ, ತಂತಿಯಿಂದ ರೇಡಿಯೊದವರೆಗೆ ಒಂದು ಕೇಬಲ್.

ರೇಡಿಯೊದ ಹುಚ್ಚು ಹತ್ತಿದ್ದಕ್ಕೂ ಈ ಸೀಮೆಯೇ ಕಾರಣ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ನೆಲ ನಡುಗಿದಾಗ ಮಸೂತಿಯ ಮನೆಯಲ್ಲೂ ಮಾಡದ ಮೇಲಿನ ತಾಟು, ತಂಬಿಗೆ ಸಪ್ಪಳ ಮಾಡಿದ್ದವು. ಅವರು ಆಗ ಸಾಲಿ ಕಲಿಯುವ ಹುಡುಗ. ಮನೆಮಂದಿಯೆಲ್ಲ ಅಂಗಳಕ್ಕೆ ಬಂದು ಬೆಳಗಾಗುವ ತನಕ ಒಳಗೆ ಹೋಗಲಿಲ್ಲ. ಫೋನು ಕಡಿದುಹೋದ ಆ ಊರುಗಳಿಗೆ ಹವ್ಯಾಸಿ ರೇಡಿಯೊದವರು ಬ್ಯಾಟರಿ, ತಂತಿ ಹೊತ್ತುಕೊಂಡು ಹೋಗಿ ಸುದ್ದಿ ದಾಟಿಸಿದರೆಂಬ ಮಾತು ಆಮೇಲೆ ಕಿವಿಗೆ ಬಿತ್ತು. ಸರಕಾರದ ನೌಕರಿಯಲ್ಲ, ಪಗಾರವಿಲ್ಲ, ತಮ್ಮ ರೊಕ್ಕದಲ್ಲಿ ರೇಡಿಯೊ ಕೊಂಡು ಇದನ್ನು ಮಾಡುವ ಜನ ಇದ್ದಾರೆಂಬುದು ಹುಡುಗನ ತಲೆಯಲ್ಲಿ ಕೂತುಬಿಟ್ಟಿತು.

ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಹೋದಾಗ ಅಲ್ಲಿನ ಹ್ಯಾಮ್‌ಗಳ ಪರಿಚಯವಾಯಿತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಇವೆಲ್ಲ ಇರುವ ಊರು ಅದು. ಆಗಿನ ಎರಡನೇ ದರ್ಜೆಯ ಪರೀಕ್ಷೆಗೆ ನಿಮಿಷಕ್ಕೆ 5 ಪದದ ವೇಗದಲ್ಲಿ ಮೋರ್ಸ್ ಕಲಿಯಬೇಕಿತ್ತು. ಕಲಿತರು, ಪಾಸಾದರು, ವಿಯು ಎಂದು ಶುರುವಾಗುವ ಕರೆಸಂಕೇತ ಬಂತು. ರೇಡಿಯೊ ಕೊಳ್ಳುವಷ್ಟು ರೊಕ್ಕ ಕೂಡಿಬರಲು ಇನ್ನೂ ಸಮಯ ಬೇಕಿತ್ತು.

ಮೊದಲ ಕೇಬಲ್ ಮಾತ್ರ ಪುಕ್ಕಟೆ ಸಿಕ್ಕಿತು. 1990ರ ದಶಕದಲ್ಲಿ ಕಚೇರಿಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದದ್ದು ತೆಳು ಈಥರ್ನೆಟ್ ಎಂಬ ಕೋಆಕ್ಸಿಯಲ್ ಕೇಬಲ್ಲಿನಿಂದ. ಅದು ಆರ್‌ಜಿ-58 ಜಾತಿಯದು, 50 ಓಮಿನದು; ಒಂದು ತುಂಡು ಹೆಚ್ಚೆಂದರೆ 185 ಮೀಟರ್ ಇರಬಹುದಿತ್ತು. ಪ್ರತಿ ಕಂಪ್ಯೂಟರಿನ ಹಿಂದೆ ಬಿಎನ್‌ಸಿ ಕನೆಕ್ಟರಿನ ಒಂದು ‘ಟಿ’, ಸಾಲಿನ ಎರಡೂ ತುದಿಗೆ 50 ಓಮಿನ ಟರ್ಮಿನೇಟರ್. ನೀಲಿ, ಬೂದಿ ಬಣ್ಣದ ಹೊಸ ನೆಟ್‌ವರ್ಕ್ ವೈರು ಬಂದಾಗ ಈ ಹಳೆಯ ಕೇಬಲ್ಲುಗಳು ಗೋಡೆಯಿಂದ ಕಿತ್ತು ಮೂಲೆಗೆ ಬಿದ್ದವು. ನೌಕರಿಗೆ ಸೇರಿದ ಕಚೇರಿಯಲ್ಲಿ ಹಾಗೆ ಬಿದ್ದಿದ್ದ ಒಂದು ಸುರುಳಿಯನ್ನು ಕೇಳಿ ಪಡೆದು ಅವರು ಮನೆಗೆ ಹೊತ್ತುತಂದರು. ಎರಡೂ ಕಡೆ ಕನೆಕ್ಟರ್ ಕ್ರಿಂಪ್ ಮಾಡಿಯೇ ಇತ್ತು. ಟರ್ಮಿನೇಟರುಗಳೂ ಕೆಲಸಕ್ಕೆ ಬಂದವು: ಕೈಯಲ್ಲಿ ಕಟ್ಟಿದ ಸಣ್ಣ ಟ್ರಾನ್ಸ್‌ಮಿಟರನ್ನು ಆಂಟೆನಾ ಇಲ್ಲದೆ ಪರೀಕ್ಷಿಸಲು ಅದಕ್ಕಿಂತ ಅಗ್ಗದ ಹೊರೆ ಎಲ್ಲಿ ಸಿಗಬೇಕು? ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ರೇಡಿಯೊದಲ್ಲಿ ಸುರುಳಿ ಸುತ್ತಲು ನಲ್ಲಿಯ ವಾಷರ್ ಬಳಸಿದ್ದರು. ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಸಾಧಿಸುವ ಈ ಬಗೆ ಭಾರತದ ಹ್ಯಾಮ್‌ಗಳ ದೊಡ್ಡ ಆಸ್ತಿ.

ಕೋಆಕ್ಸಿಯಲ್ ಕೇಬಲ್ಲಿನ ಕತೆ ಅದಕ್ಕಿಂತ ತುಂಬ ಹಳೆಯದು. ನಡುವೆ ಒಂದು ತಂತಿ, ಸುತ್ತ ನಿರೋಧಕ, ಅದರ ಮೇಲೆ ಲೋಹದ ಹೊದಿಕೆ ಎಂಬ ಈ ರಚನೆಗೆ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಪೇಟೆಂಟ್ ಪಡೆದಿದ್ದ. ಅಮೆರಿಕದ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಆಫೆಲ್ 1929ರಲ್ಲಿ ಅರ್ಜಿ ಹಾಕಿ 1931ರಲ್ಲಿ ಪಡೆದ ಪೇಟೆಂಟಿನಿಂದ ಅದು ದೂರಸಂಪರ್ಕದ ಬೆನ್ನೆಲುಬಾಯಿತು. ಆರ್‌ಜಿ ಎಂಬ ಸಂಖ್ಯೆಗಳು ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸೇನೆಯವು. ಯುದ್ಧ ಮುಗಿದು ಎಷ್ಟೋ ಕಾಲವಾದರೂ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಇಂದಿಗೂ ಕೇಬಲ್ಲನ್ನು ಕೇಳುವುದು ಅದೇ ಸಂಖ್ಯೆಯಿಂದ.

ಆ ರಸ್ತೆಯಲ್ಲಿ ಅವರು ಕಲಿತದ್ದು ಬಹಳ. ಮೇಲೆ ಆರ್‌ಜಿ-58 ಎಂದು ಅಚ್ಚಾಗಿದ್ದ ಮಾತ್ರಕ್ಕೆ ಒಳಗೆ ಅದೇ ಇರಬೇಕೆಂದಿಲ್ಲ. ಅಂಗಡಿಯವರ ಒಪ್ಪಿಗೆ ಪಡೆದು ತುದಿಯಲ್ಲಿ ಒಂದು ಇಂಚು ಕಪ್ಪು ಸಿಪ್ಪೆ ಸುಲಿದು ನೋಡುವುದು ರೂಢಿಯಾಯಿತು. ಒಳ್ಳೆಯ ಕೇಬಲ್ಲಿನಲ್ಲಿ ತವರ ಲೇಪಿಸಿದ ತಾಮ್ರದ ಹೆಣಿಗೆ ಒತ್ತಾಗಿ ಕೂತಿರುತ್ತದೆ, ಒಳಗಿನ ಬಿಳಿ ಪಾಲಿಥೀನ್ ಸಂದಿಯಲ್ಲಿ ಕಾಣುವುದೇ ಕಷ್ಟ. ಕಳಪೆ ಮಾಲಿನಲ್ಲಿ ಹೆಣಿಗೆಯ ಎಳೆಗಳು ದೂರ ದೂರ. ಬಿಳಿಯೇ ಹೆಚ್ಚು ಕಾಣುತ್ತದೆ. ಆಮೇಲೆ ನಡುವಿನ ತಂತಿ. ಮನೆಯಲ್ಲಿ ಒಂದೇ ಕಡೆ ಬಿಗಿದಿಡುವ ಕೇಬಲ್ಲಿಗೆ ಒಂಟಿ ತಂತಿ ಆದೀತು. ವಾರವಾರ ಸುತ್ತಿ ಬಿಚ್ಚುವ ಕೇಬಲ್ಲಿಗೆ ಎಳೆಗಳ ತಂತಿಯೇ ಬೇಕು. ಒಂಟಿ ತಂತಿ ಕನೆಕ್ಟರಿನ ಬುಡದಲ್ಲಿ ಬಾಗಿ ಬಾಗಿ ಮುರಿಯುತ್ತದೆ, ಮುರಿದದ್ದು ಹೊರಗಿನಿಂದ ಕಾಣುವುದೂ ಇಲ್ಲ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗುವುದನ್ನೂ ರೂಢಿಸಿಕೊಂಡರು. ಆರ್‌ಜಿ-58ರ ನಡುವಿನ ಎಳೆ ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಉಕ್ಕಿದೆ ಎಂದರ್ಥ, ಆ ಮಾಲು ಬೇಡ. ಆರ್‌ಜಿ-174, ಆರ್‌ಜಿ-316ರಂಥ ತೆಳು ಕೇಬಲ್ಲುಗಳಿಗೆ ಈ ಪರೀಕ್ಷೆ ಸಲ್ಲದು. ಅವುಗಳ ನಡುವೆ ಬಲಕ್ಕಾಗಿ ಉಕ್ಕಿನ ಮೇಲೆ ತಾಮ್ರ ಹೊದಿಸಿದ ಎಳೆಯೇ ಇರಬೇಕಾದದ್ದು.

ಸಂಖ್ಯೆಯ ಮುಂದಿನ ಅಕ್ಷರವನ್ನೂ ಬಿಡದೆ ಓದಬೇಕು. ಆರ್‌ಜಿ-58ಎ/ಯು ಮತ್ತು ಆರ್‌ಜಿ-58ಸಿ/ಯು ನೋಡಲು ಒಂದೇ. ‘ಸಿ’ ಎಂಬುದರ ಹೊರಸಿಪ್ಪೆಯಿಂದ ಮೆದುಗೊಳಿಸುವ ರಾಸಾಯನಿಕ ಒಳಗಿನ ಪಾಲಿಥೀನಿಗೆ ಇಳಿಯುವುದಿಲ್ಲ. ಹಳೆಯ ಬಗೆಯ ಸಿಪ್ಪೆಯಲ್ಲಿ ಅದು ವರ್ಷಗಟ್ಟಲೆ ಒಳಗಿಳಿದು ನಿರೋಧಕವನ್ನು ಕೆಡಿಸುತ್ತದೆ, ಕೇಬಲ್ ಮುಟ್ಟದೆ ಇಟ್ಟರೂ ಅದರ ನಷ್ಟ ಏರುತ್ತ ಹೋಗುತ್ತದೆ.

ಮಸೂತಿಯಲ್ಲಿ ಈ ಎಲ್ಲ ಪಾಂಡಿತ್ಯಕ್ಕೆ ಎದುರಾಗಿ ಸೋದರಮಾವ ನಿಂತರು. ಅವರು ಗೊಳಸಂಗಿ, ತೆಲಗಿ ಕಡೆಯೆಲ್ಲ ಕೇಬಲ್ ಟಿವಿಯ ಲೈನು ಎಳೆದು, ಆಮೇಲೆ ಡಿಶ್ ಕೂರಿಸುತ್ತ ಬಂದವರು. ಹೊಸದಾಗಿ ತಂದ ತೆಳು ಕೇಬಲ್ಲನ್ನು ಬೆರಳಲ್ಲಿ ಹೊರಳಿಸಿ ನೋಡಿದರು.

“ಏನೋ ಅಳಿಯಾ, ಇಷ್ಟು ಸಣ್ಣ ವೈರಿಗೆ ಇಷ್ಟು ರೊಕ್ಕ ಕೊಟ್ಟಿಯೇನು? ನಮ್ಮ ಮನ್ಯಾಗ ಡಿಶ್ ಕೇಬಲ್ ಸಿಂಬಿಗಟ್ಟಲೆ ಬಿದ್ದೈತಿ, ಒಯ್ಯಿ.”

“ಮಾಮಾ, ಅದು ಎಪ್ಪತ್ತೈದು ಓಮಿಂದ್ರಿ. ನಮ್ಮ ರೇಡಿಯೊ ಐವತ್ತರದು.”

“ಟಿವಿ ಎಷ್ಟು ಓಮಿಂದು ಅಂತ ನನಗ ಇಲ್ಲೀತನಾ ಯಾರೂ ಕೇಳಿಲ್ಲ. ಜಾಯಿಂಟ್ ಬರೋಬ್ಬರಿ ಇದ್ರ ಚಿತ್ರ ಬರ್ತಾವ. ಕೇಬಲ್ ಕೆಡೂದಿಲ್ಲ, ಜಾಯಿಂಟ್ ಕೆಡತೈತಿ.”

ಮಾತಿನಲ್ಲಿ ಹುರುಳಿತ್ತು. ಡಿಶ್ಶಿನ ಆರ್‌ಜಿ-6 ಕೇಬಲ್ ನಿಜಕ್ಕೂ ಒಳ್ಳೆಯ ಮಾಲು. ಒಳಗಿನ ನಿರೋಧಕ ನೊರೆಯಂತೆ ಗಾಳಿ ತುಂಬಿದ್ದಾದ್ದರಿಂದ ನಷ್ಟ ಕಡಿಮೆ. 75 ಓಮಿನ ಕೇಬಲ್ಲಿಗೆ 50 ಓಮಿನ ಆಂಟೆನಾ ಜೋಡಿಸಿದರೂ ಎಸ್‌ಡಬ್ಲ್ಯೂಆರ್ (ಅಲೆ ಮರಳಿ ಬರುವುದರ ಅಳತೆ) ಕೇಬಲ್ಲಿನೊಳಗೆ 1.5ಕ್ಕಿಂತ ಮೇಲೆ ಹೋಗುವುದಿಲ್ಲ, ಉದ್ದಕ್ಕೆ ತಕ್ಕಂತೆ ರೇಡಿಯೊಕ್ಕೆ ಅದು ಹೆಚ್ಚೆಂದರೆ 2.25 ಎಂದು ಕಾಣಬಹುದು. ಅದನ್ನೂ ಇಲ್ಲದಂತೆ ಮಾಡುವ ಉಪಾಯವಿದೆ. ಕೇಬಲ್ಲನ್ನು ಅರ್ಧ ತರಂಗದಷ್ಟು ಉದ್ದಕ್ಕೆ ಕತ್ತರಿಸಿದರೆ ಆಚೆ ತುದಿಯಲ್ಲಿ ಏನಿದೆಯೋ ಅದೇ ಈಚೆ ತುದಿಯಲ್ಲಿ ಕಾಣುತ್ತದೆ, ಕೇಬಲ್ಲಿನ ಓಮ್ ಎಷ್ಟೇ ಇರಲಿ. 7.1 ಮೆಗಾಹರ್ಟ್ಸಿಗೆ ಗಾಳಿಯಲ್ಲಿ ಅರ್ಧ ತರಂಗ 21.1 ಮೀಟರ್. ನೊರೆ ನಿರೋಧಕದ ಕೇಬಲ್ಲಿನಲ್ಲಿ ಅಲೆ ಬೆಳಕಿನ ವೇಗದ ಶೇಕಡಾ 83ರಷ್ಟರಲ್ಲಿ ಓಡುವುದರಿಂದ ಅದು ಹದಿನೇಳೂವರೆ ಮೀಟರಿಗೆ ಇಳಿಯುತ್ತದೆ. ಮಾವನ ಅಟ್ಟದಿಂದ ಅಷ್ಟನ್ನು ಕತ್ತರಿಸಿ ತಂದು ಕಟ್ಟಿದಾಗ ಬೆಂಗಳೂರು ಸ್ಪಷ್ಟವಾಗಿ ಕೇಳಿತು. ವಿದೇಶಿ ಕೇಬಲ್ ಸಿಗದೆ ಸುಮ್ಮನೆ ಕೂತ ಹೊಸಬರಿಗೆ ಅವರು ಇವತ್ತಿಗೂ ಮೊದಲು ಹೇಳುವುದು ಇದನ್ನೇ: ತಾಲೂಕಿನ ಅಂಗಡಿಯಲ್ಲಿ ಸಿಗುವ ಡಿಶ್ ಕೇಬಲ್ಲಿನಲ್ಲಿ ಇಂದೇ ಗಾಳಿಗೆ ಬನ್ನಿ.

ಆದರೆ ಚೀಲಕ್ಕೆ ಅದು ಹೊಂದಲಿಲ್ಲ. ಬಿರುಸು ಕೇಬಲ್, ಸುರುಳಿ ದೊಡ್ಡದಾಗುತ್ತದೆ. ಬಹುಪಾಲು ಮಾಲಿನ ಹೆಣಿಗೆ ಅಲ್ಯೂಮಿನಿಯಮ್ಮಿನದು. ಅದಕ್ಕೆ ಸಾದಾ ಬೆಸುಗೆ ಹಿಡಿಯುವುದಿಲ್ಲ. ಎಫ್ ಕನೆಕ್ಟರಿನಲ್ಲಿ ಕೇಬಲ್ಲಿನ ನಡುತಂತಿಯೇ ಪಿನ್ನಾಗಿರುತ್ತದೆ, ಪದೇ ಪದೇ ತಿರುಪಿದರೆ ಅದು ಸವೆಯುತ್ತದೆ. 3.5 ಮೆಗಾಹರ್ಟ್ಸಿನಂಥ ಕೆಳಗಿನ ಬ್ಯಾಂಡಿಗೆ ಇಳಿದಂತೆ ಉಕ್ಕಿನ ತಿರುಳು ನಷ್ಟವನ್ನೂ ಏರಿಸುತ್ತದೆ. ಮನೆಯ ಮಾಳಿಗೆಗೆ ಸರಿ, ಹೆಗಲಿಗಲ್ಲ.

ನಷ್ಟದ ಕೋಷ್ಟಕಗಳನ್ನು ಅವರು ಸರಿಯಾಗಿ ಓದಿದ್ದು ಈ ಹೊತ್ತಿನಲ್ಲಿ. ಬಾವಿಯ ಮೋಟರಿನಿಂದ ಹೊಲದ ತುದಿಗೆ ಎಳೆದ ಪೈಪು ಉದ್ದವಾದಷ್ಟೂ ಸಣ್ಣದಾದಷ್ಟೂ ನೀರಿನ ಜೋರು ಇಳಿಯುವ ಹಾಗೆ, ಕೇಬಲ್ ಉದ್ದವಾದಷ್ಟೂ ತೆಳುವಾದಷ್ಟೂ ಆಂಟೆನಾ ಮುಟ್ಟುವ ವಾಟ್ ಕಡಿಮೆ. ಕೋಷ್ಟಕದಲ್ಲಿ ಬರೆದಿರುವುದು ನೂರು ಮೀಟರಿನ ಲೆಕ್ಕ. ಅದನ್ನು ಓದಿ ಹೆದರಿದವರು ದಪ್ಪ ಕೇಬಲ್ಲಿಗೆ ಹೋಗುತ್ತಾರೆ. ಹೊಲದಲ್ಲಿ ಬೇಕಾದದ್ದು ಹತ್ತೇ ಮೀಟರ್. 7 ಮೆಗಾಹರ್ಟ್ಸಿನಲ್ಲಿ 5 ವಾಟ್ ಕಳಿಸಿದರೆ ಹತ್ತು ಮೀಟರ್ ಆರ್‌ಜಿ-213ರ ತುದಿಯಲ್ಲಿ ಸುಮಾರು 4.8 ವಾಟ್ ಸಿಗುತ್ತದೆ, ಆರ್‌ಜಿ-58ರಲ್ಲಿ ನಾಲ್ಕೂವರೆ, ಪೆನ್ಸಿಲಿಗಿಂತಲೂ ತೆಳುವಾದ ಆರ್‌ಜಿ-174ರಲ್ಲಿ ನಾಲ್ಕು. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಒಂದು ಡೆಸಿಬೆಲ್ಲಿಗಿಂತ ಕಡಿಮೆ. ರೇಡಿಯೊದ ಮೀಟರಿನ ಒಂದು ಎಸ್ ಗೀಟು ದಾಟಲು ಆರು ಡೆಸಿಬೆಲ್ ಬೇಕು. ಆಚೆ ಕೂತು ಕೇಳುವವನ ಕಿವಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ತೂಕ ಮಾತ್ರ ಹೆಗಲಿಗೆ ತಿಳಿಯುತ್ತದೆ: ಹತ್ತು ಮೀಟರಿಗೆ ಒಂದೂವರೆ ಕಿಲೋ, ನಾನೂರು ಗ್ರಾಂ, ನೂರಿಪ್ಪತ್ತು ಗ್ರಾಂ.

ತೂಕ ಹೆಗಲಿನ ಮಾತಷ್ಟೇ ಅಲ್ಲ. ಗಿಡವಿಲ್ಲದ ಕಡೆ ತಂತಿಯ ನಡುವನ್ನು ಹೊರುವುದು ಒಂದು ಬಿದಿರ ಗಳ ಅಥವಾ ಒಂದರೊಳಗೊಂದು ಸೇರುವ ಫೈಬರ್ ಕೋಲು. ಅದರ ತುದಿಗೆ ದಪ್ಪ ಕೇಬಲ್ ನೇತುಹಾಕಿದರೆ ಕೋಲು ಬಿಲ್ಲಾಗಿ ಬಾಗುತ್ತದೆ, ಮಧ್ಯಾಹ್ನದ ಗಾಳಿಗೆ ತೂಗಾಡುತ್ತದೆ. ಕೆಳಗೂ ತೊಂದರೆಯೇ. ಒಂದು ಕಿಲೋದ ರೇಡಿಯೊ ದಪ್ಪ ಕೇಬಲ್ಲಿನ ಸೆಳೆತಕ್ಕೆ ಸಿಕ್ಕು ಸ್ಟೂಲಿನಿಂದ ಜಾರುತ್ತದೆ. ಎಫ್‌ಟಿ-817ರ ಮುಂದೆ ಬಿಎನ್‌ಸಿ, ಹಿಂದೆ ದೊಡ್ಡ ಎಸ್‌ಒ-239 ಎರಡೂ ಕಿಂಡಿಗಳಿವೆ, ಯಾವ ಬ್ಯಾಂಡಿಗೆ ಯಾವುದು ಎಂದು ಆರಿಸಿಕೊಳ್ಳಬಹುದು. ತೆಳು ಕೇಬಲ್ಲಿಗೆ ಮುಂದಿನ ಬಿಎನ್‌ಸಿಯೇ ಚೆಂದ: ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ, ಧೂಳಿನಲ್ಲಿ ಥ್ರೆಡ್ ಹುಡುಕುತ್ತ ಕೂರಬೇಕಾಗಿಲ್ಲ.

2 ಮೀಟರ್, 70 ಸೆಂಟಿಮೀಟರ್ ಬ್ಯಾಂಡುಗಳಿಗೆ ಏರಿದರೆ ಲೆಕ್ಕ ಬೇರೆ. 145 ಮೆಗಾಹರ್ಟ್ಸಿನಲ್ಲಿ ಅದೇ ಹತ್ತು ಮೀಟರ್ ಆರ್‌ಜಿ-174 ಅರ್ಧಕ್ಕಿಂತ ಹೆಚ್ಚನ್ನು ತಿನ್ನುತ್ತದೆ; ಐದು ವಾಟಿನಲ್ಲಿ ಎರಡು ಚಿಲ್ಲರೆ ಉಳಿಯುತ್ತದೆ. 435ರಲ್ಲಿ ಉಳಿಯುವುದು ಒಂದು ವಾಟಿನ ಆಸುಪಾಸು. ಈ ಪಾಠವನ್ನು ಅವರಿಗೆ ಕಲಿಸಿದ್ದು ಆಕಾಶದಲ್ಲಿದ್ದ ಒಂದು ಕನ್ನಡ ನೆಲದ ಕೂಸು. ಇಸ್ರೊ ಬೆಂಗಳೂರಿನಲ್ಲಿ ರೂಪಿಸಿದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಕಾರ್ಟೊಸ್ಯಾಟ್-1ರ ಜೊತೆ ಶ್ರೀಹರಿಕೋಟಾದಿಂದ ಹಾರಿತು. ನಲವತ್ತೆರಡೂವರೆ ಕಿಲೋ ತೂಕ, ಜಗತ್ತಿನ ಹ್ಯಾಮ್‌ಗಳಿಗೆಲ್ಲ ಅದು ವಿಒ-52. 435 ಮೆಗಾಹರ್ಟ್ಸಿನಲ್ಲಿ ಕಳಿಸಿದ ಮಾತನ್ನು 145ರಲ್ಲಿ ತಿರುಗಿಸಿ ಭೂಮಿಗೆ ಇಳಿಸುತ್ತಿತ್ತು. ಮಸೂತಿಯ ಹೊಲದಲ್ಲಿ ನಿಂತು, ಕೈಯಲ್ಲಿ ಯಾಗಿ ಆಂಟೆನಾ ಹಿಡಿದು, ದಿಗಂತದಿಂದ ಏಳುವ ಆ ಉಪಗ್ರಹವನ್ನು ಹಿಂಬಾಲಿಸುವುದೆಂದರೆ ಹತ್ತು ಹನ್ನೆರಡು ನಿಮಿಷದ ಆಟ. ಅಲ್ಲಿ ಕೇಬಲ್ ಯಾವುದೆಂಬ ಚಿಂತೆಯೇ ಬೇಡ, ಏಕೆಂದರೆ ಬೇಕಾದದ್ದು ಒಂದು ಮೀಟರ್. ರೇಡಿಯೊ ಕೊರಳಿಗೆ ನೇತುಬಿದ್ದಿರುತ್ತದೆ, ಆಂಟೆನಾ ಕೈಯಲ್ಲಿ. 2014ರ ಜುಲೈಯಲ್ಲಿ ಅದರ ಬ್ಯಾಟರಿ ಸೋತು ಕೆಲಸ ನಿಲ್ಲುವ ತನಕ ಆ ಒಂದು ಮೀಟರ್ ತುಂಡು ಚೀಲದ ಬದಿಯ ಜೇಬಿನಲ್ಲೇ ಇತ್ತು.

ಅಲ್ಲಿಂದಲೇ ಅವರು ಒಂದು ಗಟ್ಟಿ ನಿಲುವಿಗೆ ಬಂದರು. ಮನೆಯ ರೇಡಿಯೊ ಇದ್ದಲ್ಲಿ ಇರುತ್ತದೆ, ಆಂಟೆನಾ ಮಾಳಿಗೆಯ ಮೇಲೆ, ನಡುವಿನ ದೂರ ಗೋಡೆ ನಿರ್ಧರಿಸಿದ್ದು. ಹೊಲದಲ್ಲಿ ಹಾಗಿಲ್ಲ. ರೇಡಿಯೊವನ್ನು ಆಂಟೆನಾದ ಬುಡಕ್ಕೆ ಒಯ್ಯಬಹುದು. ಹೊರಗೆ ಹೋಗಿ ಕೂರುವವನಿಗೆ ಇರುವ ದೊಡ್ಡ ಅನುಕೂಲ ಇದೇ, ಇದನ್ನು ಬಿಟ್ಟು ಇಪ್ಪತ್ತು ಮೀಟರ್ ಕೇಬಲ್ ಹೊರುವುದರಲ್ಲಿ ಅರ್ಥವಿಲ್ಲ. ಬದುವಿನ ಬೇವಿನ ಗಿಡದ ಎತ್ತರದ ಕೊಂಬೆಯಿಂದ ಕೇಬಲ್ ನೆಟ್ಟಗೆ ಇಳಿಯಬೇಕು, ಕೆಳಗೆ ಕೂತವನ ಮೊಣಕಾಲಿಗೆ ಬಂದು ನಿಲ್ಲಬೇಕು. ಎತ್ತರ ಒಂಬತ್ತು ಮೀಟರ್, ಕೂರಲು ಇನ್ನೊಂದು; ಅವರ ಹತ್ತು ಮೀಟರ್ ಬಂದದ್ದು ಈ ಲೆಕ್ಕದಿಂದ. ನೆರಳೂ ಅಲ್ಲೇ. ಕೇಬಲ್ ದಾರಿಗೆ ಅಡ್ಡ ಬೀಳದಿದ್ದರೆ ಟ್ರ್ಯಾಕ್ಟರಿನ ಗಾಲಿಯ ಭಯವಿಲ್ಲ, ಎತ್ತುಗಳ ಗೊರಸಿನ ಭಯವೂ ಇಲ್ಲ.

ಎಳ್ಳಮವಾಸ್ಯೆಯ ದಿನ ಆ ಸೀಮೆಯಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಚಕ್ಕಡಿಯೋ ಟ್ರ್ಯಾಕ್ಟರೋ, ಬುಟ್ಟಿಯ ತುಂಬ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ. ಅಂಥ ಒಂದು ದಿನ ಊಟಕ್ಕೆ ಮೊದಲು ಬೇವಿನ ಗಿಡಕ್ಕೆ ಕಲ್ಲು ಕಟ್ಟಿದ ಹಗ್ಗ ಎಸೆದು ತಂತಿ ಏರಿಸಿದ್ದರು. 7 ಮೆಗಾಹರ್ಟ್ಸಿನಲ್ಲಿ ಗುರ್ ಎಂಬ ಗದ್ದಲ ಬಿಟ್ಟರೆ ಬೇರೇನೂ ಇಲ್ಲ. ದೂರದ ಪಂಪ್‌ಸೆಟ್ಟಿನ ಸ್ಟಾರ್ಟರು, ತೋಟದ ಮನೆಯ ಅಗ್ಗದ ಎಲ್‌ಇಡಿ ದೀಪ, ತಂತಿ ಲೈನು, ಎಲ್ಲದರ ಕೊಳೆಯೂ ಅದರಲ್ಲಿತ್ತು. ಕೇಬಲ್ಲಿನ ಹೊರ ಹೆಣಿಗೆಯೂ ಒಂದು ತಂತಿಯೇ. ಅದರ ಹೊರಮೈಯಲ್ಲಿ ಹರಿಯುವ ವಿದ್ಯುತ್ತು ಕೇಬಲ್ಲನ್ನೇ ಆಂಟೆನಾ ಮಾಡಿಬಿಡುತ್ತದೆ, ಸುತ್ತಲಿನ ಗದ್ದಲವನ್ನೆಲ್ಲ ಹೀರಿ ಒಳಗೆ ತರುತ್ತದೆ. ಇದಕ್ಕೆ ಮದ್ದು ಚೋಕ್. 43 ಸಂಖ್ಯೆಯ ಮಿಶ್ರಣದ ಫೆರೈಟ್ ಉಂಗುರವೊಂದಕ್ಕೆ ತೆಳು ಕೇಬಲ್ಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ, ಆಂಟೆನಾದ ನಡುವೆ ಕೇಬಲ್ ಶುರುವಾಗುವಲ್ಲಿ ಹಾಕಬೇಕು. ಚೀಲದಲ್ಲಿ ಸುತ್ತಿಟ್ಟ ಒಂದು ಚೋಕ್ ಇತ್ತು. ಅದನ್ನು ಸೇರಿಸಿ ಮತ್ತೆ ಹಗ್ಗ ಎಳೆದಾಗ ಗದ್ದಲ ಇಳಿದು ಅದರ ಕೆಳಗೆ ಅಡಗಿದ್ದ ದನಿಗಳು ಮೇಲೆ ಬಂದವು: ಹೈದರಾಬಾದು, ಪುಣೆ, ಬೆಂಗಳೂರು. ತೆಳು ಕೇಬಲ್ಲಿನ ಇನ್ನೊಂದು ಗುಣ ಆಗ ಮನವರಿಕೆಯಾಯಿತು. ಅಂಗೈಯಗಲದ ಉಂಗುರಕ್ಕೆ ಹನ್ನೆರಡು ಸುತ್ತು ಅದು ನಿರಾಯಾಸವಾಗಿ ಕೂರುತ್ತದೆ. ಐದು ಸೆಂಟಿಮೀಟರಿಗಿಂತ ಬಿಗಿಯಾಗಿ ಬಾಗಿಸಬಾರದ ಆರ್‌ಜಿ-213ಕ್ಕೆ ಇದು ಆಗದ ಕೆಲಸ.

“ಊಟ ಆರಾಕ್ಹತ್ತೈತಿ, ಆ ಡಬ್ಬಿ ಬಿಟ್ಟು ಬಾರೋ ಯಪ್ಪಾ” ಎಂದು ಅವ್ವ ಕೂಗಿದಳು. ಬೆಂಗಳೂರಿನವರಿಗೆ ಹ್ಯಾಮ್‌ಗಳ ವಿದಾಯದ ಮಾತಾದ 73 ಹೇಳಿ ಎದ್ದರು.

ಇದೆಲ್ಲ ಹಬ್ಬದ ದಿನದ ಸಂತೋಷಕ್ಕೆ ಮಾತ್ರ ಎಂದು ಅವರು ಎಂದೂ ಭಾವಿಸಲಿಲ್ಲ. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅಂಡಮಾನಿಗೆ ಹೋಗಿ, ಪೋರ್ಟ್ ಬ್ಲೇರಿನ ಹೋಟೆಲೊಂದರಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡುತ್ತಿದ್ದರು. 26ರ ಬೆಳಿಗ್ಗೆ ಭೂಕಂಪ, ಹಿಂದೆಯೇ ಸುನಾಮಿ. ಹವ್ಯಾಸಕ್ಕೆಂದು ಒಯ್ದ ಅದೇ ರೇಡಿಯೊ, ಅದೇ ತಂತಿ, ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ದಾಟಿಸಿತು. ಅಂಥ ಹೊತ್ತಿನಲ್ಲಿ ಅಂಗಡಿಗೆ ಹೋಗಿ ಕೇಬಲ್ ತರಲಾಗುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಮಳೆ ಸುರಿದು ಊರೂರೇ ಮುಳುಗಿದಾಗ ಈ ಮಾತು ಅವರಿಗೆ ಮತ್ತೆ ಮತ್ತೆ ನೆನಪಾಯಿತು. ಆಗಿನಿಂದ ಚೀಲದ ಕೇಬಲ್ಲನ್ನು ಅವರು ಮನೆಯ ಯಾವ ಕೆಲಸಕ್ಕೂ ಬಳಸುವುದಿಲ್ಲ.

ಕನೆಕ್ಟರ್ ಹಾಕುವ ಕೆಲಸವನ್ನು ಅವರು ಮಾವನಿಂದ ಕಲಿತ ಶ್ರದ್ಧೆಯಿಂದಲೇ ಮಾಡುತ್ತಾರೆ. ಆರ್‌ಜಿ-58ಕ್ಕೆ ಪಿಎಲ್-259 ಹಾಕುವುದಾದರೆ ಒಳಗೆ ಒಂದು ರಿಡ್ಯೂಸರ್ ಬೇಕು. ಹೆಣಿಗೆಯನ್ನು ಬಿಡಿಸಿ ರಿಡ್ಯೂಸರಿನ ಮೇಲೆ ಹಿಂದಕ್ಕೆ ಮಡಚಿ, ಹೆಚ್ಚಾದ ಎಳೆ ಕತ್ತರಿಸಿ, ಕನೆಕ್ಟರಿನ ಮೈಗೆ ತಿರುಪಿ, ಪಕ್ಕದ ತೂತುಗಳಲ್ಲಿ ಬೆಸುಗೆ ಇಳಿಸಬೇಕು. ಇಲ್ಲಿ 25 ವಾಟಿನ ಸಣ್ಣ ಕಾವಿನ ಕಡ್ಡಿ ಸಾಲದು. ಲೋಹದ ಆ ಮೈ ಕಾಯಲು ತಡವಾಗುತ್ತದೆ, ಅಷ್ಟರಲ್ಲಿ ಶಾಖ ಒಳಗಿಳಿದು ಪಾಲಿಥೀನ್ ಮೆತ್ತಗಾಗಿ ನಡುತಂತಿ ಪಕ್ಕಕ್ಕೆ ಸರಿದು ಹೆಣಿಗೆಗೆ ತಾಗುತ್ತದೆ. 100 ವಾಟಿನ ಕಡ್ಡಿಯಿಂದ ಬೇಗ ಕಾಯಿಸಿ ಬೇಗ ಮುಗಿಸುವುದೇ ಕ್ಷೇಮ. ಮಸೂತಿಯ ಅಂಗಳದ ಗಾಳಿಯಲ್ಲಂತೂ ಕಡ್ಡಿಯ ತುದಿ ಕ್ಷಣದಲ್ಲಿ ತಣ್ಣಗಾಗುವುದರಿಂದ ಈ ಕೆಲಸ ಪಡಸಾಲೆಯಲ್ಲೇ. ಟೆಫ್ಲಾನ್ ನಿರೋಧಕದ ಆರ್‌ಜಿ-316 ಈ ವಿಷಯದಲ್ಲಿ ನೆಮ್ಮದಿ ಕೊಡುತ್ತದೆ. ಆರ್‌ಜಿ-174ರಷ್ಟೇ ತೆಳು, ಆದರೆ 200 ಡಿಗ್ರಿ ಸೆಲ್ಸಿಯಸ್ ತಾಳುತ್ತದೆ, ಬೆಸುಗೆಗೆ ಕರಗುವುದಿಲ್ಲ. ಬೆಲೆ ಹೆಚ್ಚು. ಹತ್ತು ಮೀಟರಿಗೆ ಕೊಡಬಹುದಾದ ಬೆಲೆ ಎಂಬುದು ಅವರ ಅಭಿಪ್ರಾಯ.

2019ರ ಹೊತ್ತಿಗೆ ಕೈಗೆಟಕುವ ಬೆಲೆಗೆ ಬಂದ ನ್ಯಾನೊವಿಎನ್‌ಎ ಎಂಬ ಅಂಗೈಯಷ್ಟು ಉಪಕರಣ, ಕೇಬಲ್ ಕೆಟ್ಟಿದೆಯೇ ಎಂಬ ಅನುಮಾನವನ್ನು ಅಂಕಿಯಲ್ಲಿ ತೋರಿಸಿತು. ಎಸ್‌ಡಬ್ಲ್ಯೂಆರ್ ಕಡಿಮೆ ಇದ್ದರೆ ಎಲ್ಲ ಸರಿಯಿದೆ ಎಂದು ನಂಬುವ ಹ್ಯಾಮ್‌ಗಳು ಬಹಳ. 30 ಮೀಟರ್ ಆರ್‌ಜಿ-58ರ ಆಚೆ ತುದಿಯಲ್ಲಿ ಆಂಟೆನಾವೇ ಇಲ್ಲದಿದ್ದರೂ 145 ಮೆಗಾಹರ್ಟ್ಸಿನಲ್ಲಿ ಈಚೆಯ ಮೀಟರು ಸುಮಾರು 1.7 ತೋರಿಸುತ್ತದೆ. ಹೋದ ಅಲೆ ದಾರಿಯಲ್ಲಿ ಸೊರಗುತ್ತದೆ, ತಿರುಗಿ ಬರುವಾಗ ಇನ್ನಷ್ಟು ಸೊರಗುತ್ತದೆ, ಮೀಟರಿಗೆ ಕಾಣಲು ಉಳಿಯುವುದು ಅತ್ಯಲ್ಪ. ಇದನ್ನೇ ಉಪಯೋಗಕ್ಕೆ ತಿರುಗಿಸಬಹುದು. ಕೇಬಲ್ಲಿನ ಒಂದು ತುದಿ ಬಿಚ್ಚಿಟ್ಟು ಇನ್ನೊಂದು ತುದಿಯಲ್ಲಿ ರಿಟರ್ನ್ ಲಾಸ್ (ಹೋಗಿ ಬಂದ ಅಲೆ ಸೊರಗಿದ್ದೆಷ್ಟು ಎಂಬ ಡೆಸಿಬೆಲ್ ಲೆಕ್ಕ) ಅಳೆದು ಅರ್ಧ ಮಾಡಿದರೆ ಆ ಕೇಬಲ್ಲಿನ ನಷ್ಟ ಸಿಗುತ್ತದೆ.

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅವರು ಈ ಅಳತೆ ಮಾಡುತ್ತಾರೆ. ಅಂಕಿ, ತಿಂಗಳು, ಇಸವಿ ಮೂರನ್ನೂ ಬಿಳಿ ಟೇಪಿನ ಮೇಲೆ ಬರೆದು ಕನೆಕ್ಟರಿನ ಬುಡಕ್ಕೆ ಸುತ್ತುತ್ತಾರೆ. ಏರಿದ್ದರೆ ಮೊದಲು ತುದಿಯ ಹತ್ತು ಸೆಂಟಿಮೀಟರ್ ಕತ್ತರಿಸಿ ಹೆಣಿಗೆಯ ಬಣ್ಣ ನೋಡುತ್ತಾರೆ. ತಾಮ್ರ ಹೊಳೆಯುತ್ತಿದ್ದರೆ ಹೊಸ ಕನೆಕ್ಟರ್ ಹಾಕಿ ಮತ್ತೆ ಅಳೆಯುತ್ತಾರೆ. ಕಪ್ಪಾಗಿದ್ದರೆ ನೀರು ಒಳಗೆ ಹೋಗಿದೆ, ಹೆಣಿಗೆಯ ಸಂದಿಯಲ್ಲಿ ಅದು ಎಷ್ಟು ದೂರ ಹತ್ತಿದೆಯೆಂದು ಹೇಳಲಾಗದು. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತ ಹೋಗುತ್ತಾರೆ. ಉಳಿದದ್ದು ಗಿಡದ ಎತ್ತರಕ್ಕೆ ಸಾಲದಿದ್ದರೆ ಒಂದೊಂದು ಮೀಟರಿನ ತುಂಡು ಮಾಡಿ, ಹೊಸದಾಗಿ ಪರೀಕ್ಷೆ ಪಾಸಾದ ವಿಜಯಪುರದ ಹುಡುಗರಿಗೆ ಬೆಸುಗೆ ಕಲಿಯಲು ಕೊಡುತ್ತಾರೆ.